ಅಪ್ಪ ಜೋಡಿಸಿದ ಯುದ್ಧದ ಹಡಗು

ಎಪ್ಪತ್ತರ ದಶಕದ ಆ ದಿನಗಳಲ್ಲಿ ದೊಡವಾಡದ ನಮ್ಮ ಓಣಿಯಲ್ಲಿ ಸಮುದ್ರ ನೋಡಿದವನು ಒಬ್ಬನೇ, ನೌಕಾಪಡೆಯಲ್ಲಿದ್ದ ನನ್ನ ಸೋದರಮಾವ. ಒಂದು ಬ್ಯಾಸಗಿ ಸೂಟಿಯಲ್ಲಿ ಆತ ರಜೆಗೆ ಬಂದಾಗ, ಯಾವುದೋ ಹೊರದೇಶದ ಬಂದರಿನಲ್ಲಿ ಕೊಂಡ ಡಬ್ಬಿಯೊಂದನ್ನು ನನಗೆ ತಂದ.

ಡಬ್ಬಿಯ ಮೇಲೆ ಯುದ್ಧದ ಹಡಗಿನ ಚಿತ್ರ. ಒಳಗೆ ಹಡಗಿರಲಿಲ್ಲ. ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡ ಬಿಡಿ ಭಾಗಗಳು, ಮೂಗಿಗೆ ಹೊಡೆಯುವ ವಾಸನೆಯ ಅಂಟು, ಒಂದು ಇಂಗ್ಲಿಷ್ ಕಾಗದ.

"ನಾ ಹೋಗೂದ್ರಾಗ ಜೋಡಿಸಿ ಇಡವಾ. ನಾ ಎಲ್ಲಿ ನಿಂತು ಡ್ಯೂಟಿ ಮಾಡತೇನಿ ಅದರಾಗ ತೋರಸ್ತೇನಿ" ಅಂದ ಮಾವ. ಆತ ಹೊರಡಲು ಎಂಟು ದಿನವಿತ್ತು. ಅದನ್ನು ನೋಡುವ ಆಸೆಗೆ ನಾನು ಗಜ್ಜುಗದ ಆಟವನ್ನೂ ಬಿಟ್ಟೆ.

ಕಾಗದದ ಇಂಗ್ಲಿಷ್ ನನಗೆ ತಿಳಿಯಲಿಲ್ಲ, ನಂಬರು ತಿಳಿದವು. ಚಿತ್ರದಲ್ಲಿ ಇದ್ದ ನಂಬರೇ ಚೌಕಟ್ಟಿನಲ್ಲೂ ಆಯಾ ಭಾಗದ ಪಕ್ಕ ಇತ್ತು. ಮೊದಲ ದಿನ ನಾಲ್ಕು ಭಾಗ ಕೂಡಿಸಿದೆ. ಮರುದಿನ ನೀರು ತಂದು ಬರುವಷ್ಟರಲ್ಲಿ ನಮ್ಮಪ್ಪ, ಬಂಡಿ ಮಾಡುವ ಬಡಿಗ, ಎಲ್ಲ ಭಾಗಗಳನ್ನೂ ಉಳಿಯಿಂದ ಚೊಕ್ಕಾಗಿ ಬಿಡಿಸಿ ಮೊರದಲ್ಲಿ ರಾಶಿ ಹಾಕಿದ್ದ. ಖಾಲಿ ಚೌಕಟ್ಟುಗಳು ಜಾಲಿ ಚೆಕ್ಕೆಗಳ ಜೊತೆ ಒಲೆ ಸೇರಿದ್ದವು. ಆ ಸುಟ್ಟ ನಾತಕ್ಕೆ ಅವ್ವ ರೊಟ್ಟಿ ಬಡಿಯುತ್ತಲೇ ಬೈಯುತ್ತಿದ್ದಳು.

"ನಂಬರೆಲ್ಲಾ ಅದರ ಮ್ಯಾಲ ಇದ್ದೂ ಅಪ್ಪಾ."

"ನಂಬರ್ ಯಾಕ ಬೇಕ ನನ್ನವ್ವ? ತೂತ ಎಲ್ಲೈತಿ, ಗೂಟ ಎಲ್ಲೈತಿ ನೋಡಿದ್ರ ಮುಗೀತು. ಬಂಡೀ ಗಾಲಿಗೆ ಯಾರರ ನಂಬರ್ ಬರೀತಾರನು?"

ಆಮೇಲೆ ಹಡಗು ನನ್ನದಾಗಿ ಉಳಿಯಲಿಲ್ಲ. ನಾನು ಕಾಗದ ಹಿಡಿದು ಬೆನ್ನ ಹಿಂದೆ ನಿಲ್ಲುತ್ತಿದ್ದೆ, ಅಪ್ಪ ಅದರ ಕಡೆ ನೋಡುತ್ತಿರಲಿಲ್ಲ. ಕೂಡದ್ದನ್ನು ಕೆತ್ತಿ ಕೂಡಿಸಿದ. ಅಚ್ಚು ಮುರಿದ ಬಂಡಿ ತಂದ ರೈತನೊಬ್ಬ ಮೂರು ದಿನ ತಿರುಗಿ, "ಬಡಗ್ಯಾರ, ಯುದ್ಧ ಮುಗದ ಮ್ಯಾಲರ ನನ್ನ ಬಂಡಿ ಮಾಡತೀರೋ ಇಲ್ಲೋ?" ಅಂದ. ಅಪ್ಪ ತಲೆ ಎತ್ತಲಿಲ್ಲ.

ಎಂಟನೆಯ ದಿನ ಮಾವ ಟ್ರಂಕು ಕಟ್ಟಿಟ್ಟು ಹಡಗಿನ ಮುಂದೆ ಕುಳಿತ. ಪಕ್ಕದಲ್ಲಿ ಕಡ್ಡಿಪೆಟ್ಟಿಗೆಯ ತುಂಬ ಉಳಿದ ತುಣುಕುಗಳಿದ್ದವು.

"ಭಾವಾರ, ಇವೇನ?"

"ಹೆಚ್ಚಿಗಿ ಕಳಿಸ್ಯಾರ."

"ಹೆಚ್ಚಿಗಿ ಅಲ್ರಿ, ಇವು ದೋಣಿ. ಹಡಗ ಮುಳುಗಿದ್ರ ಮಂದಿ ಇದರಾಗ ಪಾರಾಗ್ತಾರ."

"ಮುಳುಗೂವಂಥಾ ಕೆಲಸ ನಾ ಮಾಡೂದಿಲ್ಲ."

ಮಾವ ನಕ್ಕ. ನನಗೆ ನಗು ಬರಲಿಲ್ಲ. "ಮಾಮಾ, ನೀ ಎಲ್ಲಿ ನಿಲ್ತಿ?" ಅಂತ ಕೇಳಿದೆ. ಆತ ಹಡಗನ್ನು ಎರಡು ಸಲ ತಿರುಗಿಸಿ, ನುಣ್ಣಗಿದ್ದ ಒಂದು ಜಾಗದ ಮೇಲೆ ಬೆರಳಿಟ್ಟ.

"ಇಲ್ಲೊಂದು ಸಣ್ಣ ಕಟ್ಟಿ ಇರಬೇಕಿತ್ತವಾ. ಭಾವಾರು ಕೆತ್ತಿ ತಗದಾರ."

ಬಸ್ಸು ಬಂತು, ಮಾವ ಹೋದ. ಸಂಜೆ ಅಪ್ಪ ಉಗುರಿನಷ್ಟು ಜಾಲಿಯ ಕಟ್ಟೆ ಕೆತ್ತಿ ನನ್ನ ಮುಂದಿಟ್ಟ. ಎರಡು ಮೆಟ್ಟಿಲನ್ನೂ ಕೊರೆದಿದ್ದ. ನಾನು ಅದನ್ನು ಒಯ್ದು ಒಲೆಗೆ ಹಾಕಿದೆ. ಆತ ನೋಡುತ್ತಿದ್ದ.

ಹೇಳಿದ್ದನ್ನು ಕೇಳದ ಅಪ್ಪನ ಮೇಲೆ ನಾನು ಕಡೆಯವರೆಗೂ ಸಿಡುಕಿದೆ: ಗುಳಿಗೆ ನುಂಗದ್ದಕ್ಕೆ, ಬಿಸಿಲಲ್ಲಿ ಬರಿಗಾಲಲ್ಲಿ ಅಡ್ಡಾಡಿದ್ದಕ್ಕೆ. ಅಪ್ಪ ತೀರಿಹೋಗಿ ಮೂರು ತಿಂಗಳಾಯಿತು. ಈಗ ಮನೆಯಲ್ಲಿ ಎಲ್ಲರೂ ನಾನು ಹೇಳಿದಂತೆ ಕೇಳುತ್ತಾರೆ.