ಕೊಳೆರೋಗದ ಎಲೆಗಳ ನಡುವೆ

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ಹೆತ್ತೂರಿನ ಆಚೆ, ಅಕ್ಕನ ಗಂಡನ ಕಾಫಿ ತೋಟದಲ್ಲಿ ಗಿಡವೊಂದರ ಕೆಳಗಿನ ಎಲೆಗೆ ಅಂಟಿದ್ದ ಮೊಟ್ಟೆಗಳ ಲೋಳೆಮುದ್ದೆ ಕಂಡಿದ್ದೆ. ಪಕ್ಕದಲ್ಲೇ ಕೂತಿದ್ದ, ಹೆಬ್ಬೆರಳಿನ ಉಗುರಿನಷ್ಟು ಗಾತ್ರದ ಕಪ್ಪೆ ಯಾವುದೆಂದು ಬಣ್ಣ ನೋಡಿ ಹೇಳಲಾಗಲಿಲ್ಲ. ಎಲೆಯಿಂದ ನೀರಿಗೆ ಗೊದಮೊಟ್ಟೆ ಉದುರಿಸುವ ಕಪ್ಪೆಗಳಿವೆ. ಗೊದಮೊಟ್ಟೆಯ ಬದುಕನ್ನು ಮೊಟ್ಟೆಯೊಳಗೇ ಮುಗಿಸಿ, ಕಾಲು ಮೂಡಿದ ಮೇಲೆ ಹೊರಬರುವ ಪೊದೆಗಪ್ಪೆಗಳೂ ಇವೆ. ಇದು ಯಾವುದೆಂದು ಆ ಮೊಟ್ಟೆಗಳೇ ಹೇಳಬೇಕಿತ್ತು. ಅಂಥ ಮುದ್ದೆ ಇನ್ನೊಂದು ಸಿಕ್ಕಿರಲಿಲ್ಲ.

“ನೀರಿಲ್ದೆ ಕಪ್ಪೆ ಮರಿ ಮಾಡ್ತದಾ? ಯೂನಿವರ್ಸಿಟೀಲಿ ಇದುನ್ನೇನಾ ಮಾರಾಯ ಕಲ್ಸಿದ್ದು?” ಎಂದು ಭಾವ ನಕ್ಕಿದ್ದರು.

ಮಳೆ ನಿಂತು ಹೊಳವಾದ ಒಂದು ಬೆಳಿಗ್ಗೆ ನೋಡಲು ಹೋದರೆ ಕೊಂಬೆ ಬೋಳಾಗಿತ್ತು. ಆಳುಗಳು ಕೊಳೆರೋಗ ತಗುಲಿದ ಎಲೆಗಳನ್ನು ಕಿತ್ತು ಗುಂಡಿಗೆ ಸುರಿಯುತ್ತಿದ್ದರು. ಆ ರೋಗ ಬಂದರೆ ಎಲೆ ಕಪ್ಪಾಗಿ, ಲೋಳೆಯಾಗಿ ಜೋತುಬೀಳುತ್ತದೆ.

“ಲೋಳೆ ಇತ್ತು ಕಣಯ್ಯ, ಕೊಳೆನೇ ಅಂತ ಕಿತ್ಬುಟ್ಟೆ,” ಎಂದಳು ಆ ಸಾಲಿನಲ್ಲಿದ್ದ ಹೆಂಗಸು. “ಕಪ್ಪೆ ಬಾಣಂತನ ನಂಗೇನ್ ಗೊತ್ತು!”

ಗುಂಡಿಗೆ ಇಳಿದೆ. ಮೇಲೆ ಭಾವ ಸುಣ್ಣದ ಚೀಲ ಬಿಚ್ಚಿಸುತ್ತಿದ್ದರು.

“ಬೇಗ ಕಣೋ, ಮೋಡ ಕಟ್ತಾ ಐತೆ. ಸುಣ್ಣ ಚೆಲ್ಲಿ ಮುಚ್ಬೇಕು.”

ಎಲೆಗಳನ್ನು ಒಂದೊಂದಾಗಿ ಎತ್ತಿದೆ. ಎಲ್ಲವೂ ಕಪ್ಪು, ಎಲ್ಲವೂ ಲೋಳೆ. ಮಾಸಿದ ಹಸಿರೊಂದು ಕಂಡು ಎಳೆದರೆ ಅದೇ ಎಲೆ. ಮುದ್ದೆ ಅರ್ಧ ಜಜ್ಜಿಹೋಗಿತ್ತು. ಉಳಿದ ಮೊಟ್ಟೆಗಳಲ್ಲಿ ಒಂದರೊಳಗೆ ಏನೋ ಒದೆಯಿತು. ಬೆರಳು ತಾಗಿದ್ದೇ ತಡ, ಒಡೆಯಿತು. ಅಂಗೈ ಮೇಲೆ ಅಕ್ಕಿಕಾಳಿಗಿಂತ ಚಿಕ್ಕದೊಂದು ಜೀವ.

ಕೈಯನ್ನು ಮೇಲೆತ್ತಿ ಹಿಡಿದೆ. ಭಾವ ಬಗ್ಗಿದರು. “ಬಾಲ ಐತಲ್ಲೋ!”

“ಇಲ್ಲ ಭಾವ, ಸರಿಯಾಗಿ ನೋಡಿ.”

“ತಡಿ... ಕಾಲಂತೂ ನಾಕೂ ಐತೆ.”

ಅಷ್ಟರಲ್ಲಿ ಅದು ನೆಗೆದು ಎಲೆರಾಶಿಯಲ್ಲಿ ಮಾಯವಾಯಿತು.

ಪೊದೆಗಪ್ಪೆಯ ಮರಿಗೆ ಹುಟ್ಟುವಾಗ ಬಾಲದ ತುಣುಕು ಉಳಿದಿರಬಹುದೆಂದು ಆಮೇಲೆ ಓದಿದೆ. ಅಂದಿನಿಂದ ನನ್ನ ನೆನಪಿನ ಮರಿಗೆ ಒಮ್ಮೆ ಬಾಲವಿರುತ್ತದೆ, ಒಮ್ಮೆ ಇರುವುದಿಲ್ಲ. ನಾನು ಕಂಡದ್ದು ಯಾವುದು, ಓದಿದ್ದು ಯಾವುದು ಎಂದು ಬೇರ್ಪಡಿಸಲಾರೆ. ಕಾಲುಗಳನ್ನು ಮಾತ್ರ ನಂಬುತ್ತೇನೆ, ಅವನ್ನು ಎಣಿಸಿದ್ದು ನಾನಲ್ಲ ಎಂಬ ಕಾರಣಕ್ಕೆ.

“ಸುಣ್ಣ ಹಾಕ್ಬ್ಯಾಡ್ರೋ!” ಭಾವ ಕೂಗಿದರು. ಪಂಚೆ ಎತ್ತಿ ಕಟ್ಟಿ, ತಾವೂ ಗುಂಡಿಗೆ ಇಳಿದು, ಎಲೆರಾಶಿಯ ಮೇಲಿದ್ದ ನನ್ನ ಕಾಲನ್ನು ಮೆಲ್ಲಗೆ ಅತ್ತ ಸರಿಸಿದರು.