ಗೋಡೆಯೊಳಗಿನ ಗುಣುಗು

ಗೋಡೆ ಬೆಚ್ಚಗಿತ್ತು. ಜ್ವರ ಬಂದವರ ಹಣೆ ಮುಟ್ಟಿದ ಹಾಗೆ.

ನಾನು ಹೊರಟಿದ್ದು ಬರೀ ಒಂದು ಶೆಲ್ಫ್ ಹಾಕಲು. ಭಾವ ತೀರಿಕೊಂಡ ಮೇಲೆ ಅಕ್ಕನನ್ನು ಮಾದಾಪುರದಿಂದ ಕುಶಾಲನಗರದ ನಮ್ಮ ಬಾಡಿಗೆ ಮನೆಗೆ ಕರೆತಂದಿದ್ದೆ. ಹಿಂದಿನ ಕೋಣೆ ಅವಳದು. ಬಟ್ಟೆಬರೆ ಇಡಲು ಜಾಗ ಬೇಡವೇ?

ಆ ಕೋಣೆಯ ಗೋಡೆಗೆ ಓನರ್ ಒಳಗಿನಿಂದ ಜಿಪ್ಸಮ್ ಬೋರ್ಡ್ ಹೊಡೆಸಿದ್ದಾರೆ. (ನೋಡಲು ಚೆಂದ, ತಟ್ಟಿದರೆ ಟೊಳ್ಳು.) ತೂತು ಕೊರೆದು, ಸ್ಕ್ರೂ ಹಿಡಿದುಕೊಳ್ಳುವ ಪ್ಲಾಸ್ಟಿಕ್ ಗಿಟ್ಟಿ ಕೂರಿಸಿ ಸ್ಕ್ರೂ ತಿರುಗಿಸಿದೆ. ಗಿಟ್ಟಿಯೂ ಜೊತೆಗೇ ಗರಗರ ತಿರುಗಿತು. ಹೇಗೋ ಶೆಲ್ಫ್ ನಿಲ್ಲಿಸಿ ಮಲಗಿದೆ. ಬೆಳಗಾಗುವಾಗ ಶೆಲ್ಫ್ ನೆಲದ ಮೇಲಿತ್ತು, ಬಿಳಿ ಪುಡಿಯ ಸಮೇತ.

"ಅಲ್ಲಿ ತೂತು ಹೊಡೀಬೇಡ ಕಣೋ. ಒಳಗೆ ನಿಮ್ ಭಾವ ಮಾತಾಡ್ತಿರ್ತಾರೆ," ಎಂದಳು ಅಕ್ಕ.

ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು.

ಹಾರ್ಡ್‌ವೇರ್ ಅಂಗಡಿಯಲ್ಲಿ ಬೇರೆ ಆಂಕರ್ ಕೊಟ್ಟರು. ಬೋರ್ಡಿನ ಹಿಂದೆ ಹೋಗಿ ಚಿಟ್ಟೆಯಂತೆ ರೆಕ್ಕೆ ಬಿಚ್ಚಿ ಹಿಡಿದುಕೊಳ್ಳುವಂಥದ್ದು. ತೂತು ದೊಡ್ಡದು ಮಾಡಿ ತಳ್ಳಿದೆ. ರೆಕ್ಕೆ ಬಿಚ್ಚಲಿಲ್ಲ. ಹಿಂದೆ ಏನೋ ಮೆತ್ತಗೆ ತಡೆಯುತ್ತಿತ್ತು. ಆಗಲೇ ನಾನು ಗೋಡೆಗೆ ಅಂಗೈ ಇಟ್ಟದ್ದು. ಆಮೇಲೆ ಕಿವಿ.

ಗುಣುಗು. ಬಾಯಿ ಮುಚ್ಚಿಕೊಂಡೇ ಗಂಡಸೊಬ್ಬ ಏನನ್ನೋ ಹೇಳುತ್ತಿದ್ದಂತೆ. ಮಟಮಟ ಮಧ್ಯಾಹ್ನದಲ್ಲಿ ಮೈಯೆಲ್ಲ ಮುಳ್ಳೆದ್ದಿತು. ಆಂಕರ್ ಹೊರಗೆಳೆದೆ. ತುದಿಯಲ್ಲಿ ಅಂಟು. ಮೂಸಿ ನೋಡಿದೆ.

ಜೇನು!

ಹೊರಗೋಡೆಯ ಬಿರುಕಿನಿಂದ ನುಗ್ಗಿದ ತುಡುವೆ ಜೇನು, ಬೋರ್ಡಿನ ಹಿಂದಿನ ಸಂದಿಯಲ್ಲಿ ಸಂಸಾರ ಹೂಡಿತ್ತು. ಗಾಳಿಬೀಡಿನ ಜೇನು ಸಾಕುವವರೊಬ್ಬರು ಬಂದು ಬೋರ್ಡ್ ಕೊಯ್ದು, ಹುಳು, ಹುಟ್ಟು ಎಲ್ಲವನ್ನೂ ಪೆಟ್ಟಿಗೆಗೆ ತುಂಬಿಕೊಂಡು ಹೋದರು. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು.

ಬಿರುಕು ಮುಚ್ಚಿಸಿ ಹೊಸ ಬೋರ್ಡ್ ಹಾಕಿಸಿದೆ. ಈ ಸಲ ರೆಕ್ಕೆ ಟಕ್ಕೆಂದು ಬಿಚ್ಚಿತು. ಶೆಲ್ಫಿಗೆ ಜೋತುಬಿದ್ದರೂ ಅಲುಗದು.

"ನೋಡಕ್ಕ, ಬರೀ ಜೇನು!" ಎಂದೆ, ಗೆದ್ದವನಂತೆ.

ಅಕ್ಕ ಗೋಡೆಗೆ ಕಿವಿ ಇಟ್ಟಳು. ತುಂಬಾ ಹೊತ್ತು ಹಾಗೇ ಇದ್ದಳು.

"ಜೇನಿನ ಸದ್ದು ನಂಗೆ ಗೊತ್ತಾಗಲ್ವೇನೋ? ಎಸ್ಟೇಟಲ್ಲಿ ಬೆಳ್ದೋಳು ನಾನು. ಅದು ಬೇರೆ, ಇವ್ರು ಬೇರೆ." ಕಣ್ಣೊರೆಸಿಕೊಂಡಳು. "ಅವು ಇದ್ದಾಗ ಇವ್ರಿಗೆ ಒಂದು ಜೊತೆ ಅಂತ ಇತ್ತು. ಈಗ ಒಬ್ರೇ ಆಗ್ಬಿಟ್ರು."

ಆ ಗೋಡೆಗೆ ಇನ್ನೊಮ್ಮೆ ಕಿವಿ ಇಡುವ ಧೈರ್ಯ ನನಗಂತೂ ಬಂದಿಲ್ಲ, ನೀವಾಗಿದ್ದರೆ ಇಡುತ್ತಿದ್ದಿರಾ?