ಅಕ್ಕ ಕಡಲು ನೋಡಿ ಬಂದದ್ದು

ನಾನು ಅವಳಲ್ಲಿ ಮೊದಲು ಕಂಡದ್ದು ಪಾದಗಳನ್ನು. ಗಂಡಸರ ಪಾದಗಳಷ್ಟು ದೊಡ್ಡವು. ಅಗಲವಾದ ಬೆರಳುಗಳು, ಸವೆದು ತಂತಿಯಂತಾಗಿದ್ದ ಕಾಲುಂಗುರ, ಹಿಮ್ಮಡಿಯ ಬಿರುಕುಗಳಲ್ಲಿ ಆಗತಾನೆ ನೆಲ ಸಾರಿಸಿದ ಸಗಣಿಯ ಹಸಿರು. ಅರಕಲಗೂಡಿನ ಆ ಮನೆಯ ನಡುಮನೆಯಲ್ಲಿ ನಾನು ಮದುಮಗಳಾಗಿ ತಲೆ ತಗ್ಗಿಸಿ ಕೂತಿದ್ದೆ. ಆ ಪಾದಗಳು ನನ್ನ ಮುಂದೆ ಬಂದು ನಿಂತವು.

"ತಲೆ ಎತ್ತಮ್ಮಿ, ಕುತ್ತಿಗೆ ಇಡ್ಕತದೆ" ಎಂದಿತು ಒಂದು ದನಿ.

ತಣ್ಣನೆಯ ಕೈಗಳು ನನ್ನ ಜಡೆಗೆ ಹೂ ಮುಡಿಸಿದವು. ಹಿಂದೆ ಕೂತಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ, "ಮೊದಲನೇಳೇ ಹೂ ಮುಡುಸ್ತಾವಳೆ ನೋಡು" ಎಂದು ಪಿಸುಗುಟ್ಟಿದಳು. ಆಗ ನನಗೆ ಇವಳು ಯಾರೆಂದು ತಿಳಿಯಿತು. ಅಳು ಬಂದುಬಿಟ್ಟಿತು. ಅವಳು ಸೆರಗಿನಿಂದ ನನ್ನ ಮುಖ ಒರೆಸಿ, "ನೋಡಾನ ಬುಡು" ಎಂದಳು. ಮುಂದೆ ಹತ್ತು ಹನ್ನೊಂದು ವರ್ಷ ಯಾವ ಕಷ್ಟ ಬಂದರೂ ಅವಳ ಬಾಯಲ್ಲಿ ಬರುತ್ತಿದ್ದುದು ಇದೇ ಮಾತು.

ನನಗಾಗ ಹದಿನಾರು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮುಂಚಿನ ಮಾತು. ಮಲ್ಲಿಪಟ್ಟಣದಲ್ಲಿ ನನ್ನ ತಂದೆ ಶಾಲೆಯ ಮೇಷ್ಟರು. ನನ್ನ ಒಂಬತ್ತನೆಯ ವಯಸ್ಸಿಗೇ ತಾಯಿ ತೀರಿಕೊಂಡಿದ್ದರು. ನನ್ನ ಬೆನ್ನಿಗೆ ಇನ್ನೂ ಮೂವರು ಹೆಣ್ಣುಮಕ್ಕಳು. ಅರಕಲಗೂಡು ಪೇಟೆಯ ಜವಳಿ ಅಂಗಡಿಯವರು ಕೇಳಿಕೊಂಡು ಬಂದಾಗ ಬೇಡವೆನ್ನುವ ಶಕ್ತಿ ತಂದೆಗೆ ಇರಲಿಲ್ಲ. ವರನಿಗೆ ಮೂವತ್ತಾರು. ಮೊದಲ ಹೆಂಡತಿ ಬಂದು ಹದಿನಾಲ್ಕು ವರ್ಷವಾದರೂ ಆ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ.

ಮದುವೆಯಾದ ಮೇಲೆ ಅವಳನ್ನು ನಾನು ಅಕ್ಕ ಎಂದೇ ಕರೆದೆ. ಮೊದಮೊದಲು ಅವಳನ್ನು ಕಂಡರೆ ಭಯ. ಊಟ ಬಡಿಸಿದರೆ ಒಳಗೇನಾದರೂ ಬೆರೆಸಿರಬಹುದೇ ಎಂದು ಅನುಮಾನಪಡುತ್ತಿದ್ದೆ. ಅದು ಅವಳಿಗೆ ಗೊತ್ತಾಯಿತು. ಒಂದು ದಿನ ನನ್ನ ತಟ್ಟೆಯಿಂದಲೇ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿ, "ಈಗ ಉಣ್ಣು" ಎಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ನಾಚಿಕೆಯಿಂದ ತಲೆ ತಗ್ಗಿಸಿ ಉಂಡೆ.

ಅವಳು ಮಾತ್ರ ಯಾವತ್ತೂ ಕೂತು ಉಂಡವಳಲ್ಲ. ಎಲ್ಲರದೂ ಆದ ಮೇಲೆ ಒಲೆಯ ಪಕ್ಕ ನಿಂತು, ತಟ್ಟೆಯನ್ನು ಅಂಗೈಮೇಲಿಟ್ಟುಕೊಂಡು ನಾಲ್ಕು ತುತ್ತು ನುಂಗುತ್ತಿದ್ದಳು. ಕೂತುಕೋ ಅಕ್ಕ ಎಂದು ನಾನು ಬಲವಂತ ಮಾಡಿದಾಗ ಒಂದು ಸಲ ಹೇಳಿದಳು: "ಕೂತ್ಕಂಡು ಉಂಡಿದ್ದೀನಿ ಕಣಮ್ಮಿ. ಇಪ್ಪತ್ತು ದಿನ. ಅವರ ಎದುರುಗೇ."

ಆ ಇಪ್ಪತ್ತು ದಿನದ ಕಥೆಯನ್ನು ಅವಳು ಒಂದೇ ಸಲ ಹೇಳಲಿಲ್ಲ. ರಾಗಿ ಬೀಸುವಾಗ ಒಂದಿಷ್ಟು, ಬಟ್ಟೆ ಒಗೆಯುವಾಗ ಒಂದಿಷ್ಟು. ಉಳಿದದ್ದನ್ನು ಬಹಳ ವರ್ಷದ ಮೇಲೆ ಯಜಮಾನರೇ ಹೇಳಿದರು. ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನನ್ನನ್ನು ತರುವ ಮಾತು ಗಟ್ಟಿಯಾದಾಗ ಅತ್ತೆಯವರು ಅಕ್ಕನನ್ನು ಕೂರಿಸಿಕೊಂಡು, "ಇನ್ನೆಷ್ಟು ವರ್ಸ ಕಾಯಾದು? ನಾಳೆ ಅಂಗಡಿ ಬೀಗದ ಕೈ ಯಾರ ಕೈಗೆ ಕೊಡಾನ ಏಳು?" ಎಂದರಂತೆ.

"ಒಪ್ಕತೀನಿ ಅತ್ತೆವ್ವ. ನಂದೊಂದೇ ಮಾತು. ಅದಕ್ಕಿಂತ ಮೊದ್ಲು ಅವರ ಜೊತೆ ಓಗಿ ಒಂದ್ಸಲ ಸಮುದ್ರ ನೋಡ್ಕಂಡು ಬತ್ತೀನಿ" ಎಂದಳಂತೆ ಅಕ್ಕ.

ಗೋಕರ್ಣಕ್ಕೆ ಹರಕೆ ಇರಬೇಕೆಂದುಕೊಂಡು ಅತ್ತೆಯವರು ಹೂಂ ಎಂದರು. ವಿಜಯದಶಮಿಯ ಮಾರನೆಯ ದಿನ ಗಂಡ ಹೆಂಡತಿ ಕೊಣನೂರಿನಲ್ಲಿ ಬಸ್ಸು ಹತ್ತಿ, ಮಡಿಕೇರಿಯ ಮೇಲೆ ಘಟ್ಟ ಇಳಿದು ಮಂಗಳೂರು ಸೇರಿದರು. ಮಳೆ ಹಿಂದೆಗೆದಿತ್ತು. ಗದ್ದೆಗಳೆಲ್ಲ ಹೊಂಬಣ್ಣ. ಆಕಾಶ ತೊಳೆದಿಟ್ಟಂತೆ.

ಅರಕಲಗೂಡಿನ ಮನೆಯಲ್ಲಿ ಹಗಲು ಹೊತ್ತು ಗಂಡನ ಜೊತೆ ಮಾತಾಡಿದರೆ ಅತ್ತೆ ಕೆಮ್ಮುತ್ತಿದ್ದರು. ಇಲ್ಲಿ ಕೆಮ್ಮುವವರಿಲ್ಲ. ಇಬ್ಬರೂ ಛತ್ರಗಳಲ್ಲಿ ಇಳಿದುಕೊಂಡರು, ಎದುರುಬದುರು ಕೂತು ಉಂಡರು, ಮರಳಿನ ಮೇಲೆ ಜೊತೆಜೊತೆಯಾಗಿ ನಡೆದರು. ಮೊದಲ ದಿನ ಅಲೆ ಬಂದು ಕಾಲ ಕೆಳಗಿನ ಮರಳು ಜಾರಿದಾಗ ಅಕ್ಕ ಗಂಡನ ತೋಳು ಹಿಡಿದಳಂತೆ, ಆಮೇಲೆ ಬಿಡಲಿಲ್ಲವಂತೆ. ಉಡುಪಿಗೆ ಹೋದರು. ಮಲ್ಪೆಯಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬಳು ಮಕ್ಕಳೆಷ್ಟು ಎಂದು ಕೇಳಿದಳು. ಅಕ್ಕ ಬಾಯಿ ತೆರೆಯುವ ಮೊದಲೇ ಯಜಮಾನರು "ಇಬ್ಬರು" ಎಂದರು. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ಆ ದಿನವೆಲ್ಲ ಇಬ್ಬರೂ ಆ ಮಕ್ಕಳಿಗೆ ಹೆಸರಿಟ್ಟುಕೊಂಡು ನಗುತ್ತ ತಿರುಗಾಡಿದರಂತೆ.

ಒಂದು ಊರು ಮುಗಿಯುತ್ತಲೇ ಅಕ್ಕ ಇನ್ನೊಂದು ಊರು ನೋಡಾನ ಎನ್ನುತ್ತಿದ್ದಳು. ಕಾರ್ತಿಕದಲ್ಲಿ ಮುಹೂರ್ತ ಇಡುವ ಮಾತಿತ್ತು. ಆ ತಿಂಗಳೊಂದು ದಾಟಿಬಿಟ್ಟರೆ, ಗಂಡನ ಮನಸ್ಸು ಹೀಗೇ ಇದ್ದುಬಿಟ್ಟರೆ, ಏನಾದರೂ ಆದೀತು. ಕುಂದಾಪುರದ ಪೇಟೆಯಲ್ಲಿ ಖಾಲಿ ಬಿದ್ದಿದ್ದ ಒಂದು ಅಂಗಡಿಮನೆಯ ಮುಂದೆ ನಿಂತು ಅವಳು ಬಾಯಿಬಿಟ್ಟು ಕೇಳಿದಳು: "ಇಲ್ಲೇ ಇದ್ಬುಡಾನ ಕಣ್ರೀ. ನಾಕು ಪಂಚೆ, ನಾಕು ಸೀರೆ ತಂದು ಮಾರಿದ್ರೆ ನಮ್ಮಿಬ್ರ ಒಟ್ಟೆಗೆ ಸಾಲ್ದಾ? ನಾನು ಒಪ್ಪೊತ್ತು ಉಂಡೇನು."

ಯಜಮಾನರು ಇಲ್ಲವೆನ್ನಲಿಲ್ಲ. ಅಂಗಡಿಯ ಒಡೆಯನನ್ನು ಕಂಡು ಬಾಡಿಗೆ ವಿಚಾರಿಸಿದರು. ಒಳಗೆ ಹೋಗಿ ಗೋಡೆ ತಟ್ಟಿ ನೋಡಿದರು. ಅಕ್ಕ ಆ ಸಂಜೆ ಒಂದು ಮಣ್ಣಿನ ಗಡಿಗೆ, ಒಂದು ಪೊರಕೆ ತಂದಿಟ್ಟುಕೊಂಡಳು.

ಮಾರನೆಯ ಬೆಳಿಗ್ಗೆ ಅವರು ಎಲೆಅಡಿಕೆ ತರುತ್ತೇನೆಂದು ಹೊರಗೆ ಹೋದರು. ತಂಬಾಕು ಮರೆಯದಿರಲೆಂದು ಹೇಳಲು ಅಕ್ಕ ಹಿಂದೆಯೇ ಹೋದಳು. ಅವರು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ನಿಂತು ಒಂದು ಕಾಗದ ಓದುತ್ತಿದ್ದರು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಗಂಡನ ಮುಖ ಓದುವುದಕ್ಕೆ ಬರುತ್ತಿತ್ತು.

"ಯಾರ್ದು?"

"ಅವ್ವಂದು."

"ನಾವು ಇಲ್ಲಿದೀವಿ ಅಂತ ಅವರಿಗೆಂಗೆ ಗೊತ್ತು?"

ಮಂಗಳೂರಿನಿಂದ, ಉಡುಪಿಯಿಂದ, ಇಲ್ಲಿಂದ, ಪ್ರತಿ ಊರಿನಿಂದಲೂ ಯಜಮಾನರು ಅಕ್ಕನಿಗೆ ತಿಳಿಯದಂತೆ ಮನೆಗೆ ಕಾಗದ ಬರೆಯುತ್ತಿದ್ದರು. ಮುಹೂರ್ತ ಗೊತ್ತಾಗಿದೆ, ಹೊರಟು ಬಾ ಎಂದು ಅತ್ತೆ ಬರೆಸಿದ್ದರು. ಅಂಗಡಿಮನೆಯ ಗೋಡೆ ತಟ್ಟಿ ನೋಡುವಾಗಲೂ ಈ ಕಾಗದ ಬರುತ್ತದೆಂದು ಅವರಿಗೆ ಗೊತ್ತಿತ್ತು.

ಅಕ್ಕ ಕೂಗಾಡಲಿಲ್ಲ. ಹಾಗೇ ತಿರುಗಿ ನೆಟ್ಟಗೆ ಹೊಳೆಯ ಕಡೆ ನಡೆದಳು. ಅಲ್ಲಿ ಹೊಳೆ ಸಮುದ್ರ ಸೇರುವ ಜಾಗ, ಆಚೆ ದಡದಲ್ಲಿ ಗಂಗೊಳ್ಳಿ. ಜನರನ್ನು ದಾಟಿಸುವ ದೋಣಿ ಹೊರಡುವುದರಲ್ಲಿತ್ತು. ಹತ್ತಿ ಕೂತುಬಿಟ್ಟಳು. ಯಜಮಾನರು ಓಡಿ ಬರುವಷ್ಟರಲ್ಲಿ ದೋಣಿ ನೀರಿನ ನಡುವೆ ಇತ್ತು.

ಆಚೆ ದಡದಲ್ಲಿ ಎಲ್ಲರೂ ಇಳಿದರು. ಅಕ್ಕ ಏಳಲಿಲ್ಲ.

"ಹೋಪ್ದ್ ಎಲ್ಲಿಗಮ್ಮ?" ಎಂದು ದೋಣಿಯವನು ಕೇಳಿದ. ಅಕ್ಕನ ತವರಿನಲ್ಲಿ ಅಪ್ಪ ಅವ್ವ ಇರಲಿಲ್ಲ. ಗಂಗೊಳ್ಳಿಯಲ್ಲಿ ಇಳಿದರೆ ಮುಂದೆ ಯಾವ ಊರು, ಯಾರ ಮನೆ ಬಾಗಿಲು? ದೋಣಿ ಹೊಸ ಜನರನ್ನು ಹತ್ತಿಸಿಕೊಂಡು ಈಚೆಗೆ ಬಂದಿತು. ಈಚೆ ದಡದಲ್ಲಿ ಗಂಡ ನಿಂತಿದ್ದರು. ಅಲ್ಲಿಯೂ ಅವಳು ಇಳಿಯಲಿಲ್ಲ. ಮತ್ತೆ ಆಚೆಗೆ. ಮತ್ತೆ ಈಚೆಗೆ. ಮಧ್ಯಾಹ್ನದ ಬಿಸಿಲು ಬಿತ್ತು. "ನೀವ್ ಇಳೂದಿಲ್ಯಾ?" ಎಂದು ಕೇಳಿ ಕೇಳಿ ಕೊನೆಗೆ ದೋಣಿಯವನು ಹುಟ್ಟು ಹಾಕುವುದರಲ್ಲಿ ತೊಡಗಿದ. ಯಾರೋ ಒಬ್ಬ ಮುದುಕಿ ಅವಳ ತಲೆಗೆ ಸೆರಗು ಎಳೆದು ಹೊದಿಸಿದಳು.

ಮೂರನೆಯ ಸಲ ಈಚೆ ದಡಕ್ಕೆ ಬಂದಾಗ ಅಕ್ಕ ಎದ್ದಳು. ಯಜಮಾನರು ಮೊಣಕಾಲುದ್ದ ನೀರಿಗೆ ಇಳಿದು ಕೈ ಚಾಚಿದರು. ಅವಳು ಆ ಕೈ ಹಿಡಿಯದೆ ತಾನೇ ಇಳಿದು, "ನಡೀರಿ, ಮದ್ವೆ ಕೆಲ್ಸ ಬೇಕಾದಷ್ಟು ಅದೆ" ಎಂದಳು.

"ಬಯ್ಯಲಿಲ್ಲ ಕಣೆ. ಒಂದು ಮಾತು ಬಯ್ದಿದ್ರೆ ನಾನು ಬದುಕ್ಕಂತಿದ್ದೆ" ಎಂದು ಯಜಮಾನರು ಇದನ್ನೆಲ್ಲ ಹೇಳುವಾಗ ನನ್ನೆದುರು ಅತ್ತರು. ಅವರು ಕೆಟ್ಟವರಲ್ಲ. ಎರಡು ಕಡೆಗೂ ಹೂಂ ಎನ್ನುವವರು. ಅದರಿಂದ ಎಷ್ಟು ಕೇಡಾಗುತ್ತದೆಂದು ಅವರ ಜೊತೆ ಬಾಳಿದ ನಮ್ಮಿಬ್ಬರಿಗೆ ಗೊತ್ತು.

ನನ್ನ ಮದುವೆಯಾಗಿ ನಾಲ್ಕು ವರ್ಷವಾಯಿತು. ನನಗೂ ಮಕ್ಕಳಾಗಲಿಲ್ಲ. ಅತ್ತೆಯವರು ಈಗ ನನ್ನನ್ನು ನೋಡಿದರೆ ಮುಖ ತಿರುಗಿಸುತ್ತಿದ್ದರು. ಕೊಣನೂರಿನಲ್ಲಿ ಹದಿನೈದರ ಹುಡುಗಿಯೊಬ್ಬಳನ್ನು ಅವರು ಯಜಮಾನರಿಗೆ ನೋಡಿ ಬಂದರೆಂದು ಅಡಿಗೆಮನೆಗೆ ಸುದ್ದಿ ಬಂತು. ಅಕ್ಕ ಮೊರದಲ್ಲಿದ್ದ ಕಾಳನ್ನು ಕೆಳಗಿಟ್ಟು, "ಸೀರೆ ಬದಲಾಯಿಸ್ಕೊ" ಎಂದಳು. ಯಾರಿಗೂ ಹೇಳದೆ ನಾವಿಬ್ಬರೂ ಕೊಣನೂರಿನ ಬಸ್ಸು ಹತ್ತಿದೆವು.

ಹುಡುಗಿಯ ತಾಯಿ ನಮಗೆ ಮಜ್ಜಿಗೆ ತಂದರು. ಅಕ್ಕ ಲೋಟ ಮುಟ್ಟಲಿಲ್ಲ, ಕೂರಲೂ ಇಲ್ಲ.

"ಅವ್ವಾ, ಅರಕಲಗೂಡು ಜವಳಿ ಅಂಗಡಿಯವರ ಮೊದಲನೇ ಎಂಡ್ತಿ ನಾನು. ಇವಳು ಎರಡನೇಳು. ನಿಮ್ಮುಡುಗಿ ಮೂರನೇಳಾಯ್ತಾಳೆ. ನಾವು ಎಂಗಿದೀವಿ ಅಂತ ಒಂದ್ಸಲ ಕಣ್ಣಾರೆ ನೋಡ್ಕಳಿ ಅಂತ ಬಂದೋ."

ಹುಡುಗಿಯ ತಂದೆ ಒಳಗಿನಿಂದ ಬಂದರು. "ಕಟ್ಕಂಡ ಗಂಡನ ಮಾನ ಕಳಿಯಕ್ಕೆ ಬಂದಿದೀಯೇನಮ್ಮ?"

"ಇಬ್ರು ಎಂಗಸ್ರ ಒಟ್ಟೆನೂ ಬರಡಾಗಕ್ಕಾತದಾ ಸಾವ್ಕಾರ್ರೆ? ನೀವೇ ಯೋಚ್ನೆ ಮಾಡಿ. ಮಾನ ನಂದೂ ಓಗ್ಲಿ, ಅವರ್ದೂ ಓಗ್ಲಿ. ಈ ಕೂಸು ಉಳ್ಕಳ್ಳಿ."

ಬಾಗಿಲ ಸಂದಿಯಲ್ಲಿ ಆ ಹುಡುಗಿ ನಿಂತಿದ್ದಳು. ಅವಳ ಮುಖ ನಾನು ಇವತ್ತಿಗೂ ಮರೆತಿಲ್ಲ. ಹಸೆಯ ಮೇಲೆ ಕೂತಿದ್ದಾಗ ನನ್ನ ಮುಖ ಹಾಗೇ ಇದ್ದಿರಬೇಕು.

ಸಂಬಂಧ ಮುರಿಯಿತು. ಅದಕ್ಕೆ ತಕ್ಕ ಶಿಕ್ಷೆಯೂ ಆಯಿತು. ನಾವು ಅರಕಲಗೂಡಿಗೆ ವಾಪಸ್ಸು ಬರುವ ಹೊತ್ತಿಗೆ ಸುದ್ದಿ ನಮಗಿಂತ ಮುಂಚೆ ಬಂದಿತ್ತು. ಮನೆಯ ಬಾಗಿಲು ಹಾಕಿತ್ತು. "ಮಾನ ಮಾರ್ಕಂಡು ಬಂದೋರಿಗೆ ಇಲ್ಲಿ ಜಾಗ ಇಲ್ಲ" ಎಂದರು ಅತ್ತೆ ಒಳಗಿನಿಂದ. ಅಂಗಡಿಗೆ ಹೋದೆವು. ಯಜಮಾನರು ಗದ್ದಿಗೆಯ ಮೇಲೆ ಕೂತು ಬಟ್ಟೆ ಅಳೆಯುತ್ತಿದ್ದರು. ನಮ್ಮನ್ನು ನೋಡಿದರು. ಮತ್ತೆ ಬಟ್ಟೆ ಅಳೆಯತೊಡಗಿದರು.

ಅಕ್ಕ ನನ್ನ ರಟ್ಟೆ ಹಿಡಿದು ನಡೆಸಿಕೊಂಡು ಹೋದಳು. ಆ ರಾತ್ರಿ ಮಠದ ಜಗಲಿಯಲ್ಲಿದ್ದು ಬೆಳಿಗ್ಗೆ ಹಾಸನದ ಬಸ್ಸು ಹತ್ತಿದೆವು. ನನ್ನನ್ನು ಉಪಾಧ್ಯಾಯಿನಿಯ ತರಬೇತಿಗೆ ಸೇರಿಸಬೇಕೆಂದು ಅವಳು ಎಂದು ಯೋಚಿಸಿದಳೋ ನನಗೆ ಗೊತ್ತಿಲ್ಲ. ನನಗೆ ಓದು ಬರೆಹ ಬರುತ್ತದೆಂಬುದೊಂದೇ ನಮ್ಮಿಬ್ಬರ ಆಸ್ತಿ. ಅವಳ ಕೈಬಳೆ ಮಾರಿದ ದುಡ್ಡು ಮೊದಲ ವರ್ಷಕ್ಕೆ ಆಯಿತು. ಆಮೇಲೆ ಅವಳು ಅಕ್ಕಿ ಗಿರಣಿಯಲ್ಲಿ ಅಕ್ಕಿ ಕೇರುವ ಕೆಲಸಕ್ಕೆ ಹೋದಳು. ಸಂಜೆ ಬರುವಾಗ ರೆಪ್ಪೆಯ ಮೇಲೆಲ್ಲ ತೌಡಿನ ದೂಳು.

ಮೊದಲ ಸಲ ನಾನು ಪರೀಕ್ಷೆಯಲ್ಲಿ ಫೇಲಾದೆ. ಯುದ್ಧದ ಕಾಲ, ಅಕ್ಕಿ ರಾಗಿ ಎಲ್ಲ ರೇಷನ್ನು. ಎರಡು ದಿನದಿಂದ ಒಲೆ ಸರಿಯಾಗಿ ಉರಿದಿರಲಿಲ್ಲ. ಅರಕಲಗೂಡಿಗೆ ಹೋಗಿ ಅತ್ತೆಯ ಕಾಲಿಗೆ ಬೀಳೋಣ ಅಕ್ಕ, ಗಂಜಿಯಾದರೂ ಸಿಕ್ಕೀತು ಎಂದೆ.

ಅವಳು ನನಗೆ ಹೊಡೆದದ್ದು ಅದೊಂದೇ ಸಲ. ಹೊಡೆದು ತಾನೇ ಅತ್ತಳು. "ದೋಣಿಯೋನು ಎಲ್ಲಿಗೋಯ್ತಿ ಅಂತ ಕೇಳ್ದಾಗ ನನ್ ಬಾಯಲ್ಲಿ ಒಂದು ಊರಿನೆಸ್ರು ಇರ್ನಿಲ್ಲ ಕಣಮ್ಮಿ. ಅಕ್ಸರ ಇರ್ನಿಲ್ಲ, ಕೆಲ್ಸ ಇರ್ನಿಲ್ಲ. ಅದುಕ್ಕೆ ಇಳ್ದು ಬಂದೆ. ನೀನು ಅಂಗೆ ಬರ್ಬೇಡ. ಪರೀಕ್ಸೆಗೆ ಇನ್ನೊಂದು ಸಲ ಕಟ್ಟು."

ಮಾರನೆಯ ವರ್ಷ ಪಾಸಾದೆ. ಮೊದಲು ದುದ್ದದಲ್ಲಿ, ಆಮೇಲೆ ಚನ್ನರಾಯಪಟ್ಟಣದ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸವಾಯಿತು. ನನ್ನ ಮೊದಲ ಸಂಬಳದಲ್ಲಿ ಒಂದು ಮಣೆ ತಂದು, ಅಕ್ಕನ ಭುಜ ಹಿಡಿದು ಕೂರಿಸಿ ಬಡಿಸಿದೆ. ಎರಡು ತುತ್ತು ಉಂಡು, ಬೆನ್ನು ನೋಯುತ್ತದೆಂದು ಎದ್ದು ನಿಂತಳು. ನಿಂತೇ ಉಣ್ಣುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು.

ಗಿರಣಿಯ ದೂಳು ಅವಳ ಎದೆಯೊಳಗೆ ಉಳಿದುಕೊಂಡಿತ್ತು. ಕೆಮ್ಮು ಹೆಚ್ಚಿತು. ಹಾಸನದ ಡಾಕ್ಟರಿಗೆ ತೋರಿಸಿದೆ, ಹೊಳೆನರಸೀಪುರದ ಪಂಡಿತರ ಕಷಾಯ ತಂದೆ, ಯಾರು ಏನು ಹೇಳಿದರೂ ಅದನ್ನು ಮಾಡಿದೆ. ಒಬ್ಬ ಡಾಕ್ಟರು ಮಾತಿನ ನಡುವೆ, ಸಮುದ್ರದ ಗಾಳಿಗೆ ಕರೆದೊಯ್ದರೆ ಒಳ್ಳೆಯದು ಎಂದರು. ಅಕ್ಕ ಗೋಡೆಯ ಕಡೆ ಹೊರಳಿದಳು. "ಬ್ಯಾಡ" ಎಂದಳು, ಅಷ್ಟೇ.

ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ಅವಳಿಗೆ ಏಳಲಾಗದಂತಾಯಿತು. ನಾನು ಯಜಮಾನರಿಗೆ ಕಾಗದ ಬರೆದೆ. ಅವರು ಬಂದರು. ತಲೆ ಪೂರ್ತಿ ನೆರೆತಿತ್ತು. ಅತ್ತೆಯವರು ತೀರಿಕೊಂಡಿದ್ದರು, ಅಂಗಡಿ ಮುಚ್ಚಿತ್ತು. ಅಕ್ಕ ಕಣ್ಣು ತೆರೆದು, "ಊಟ ಆಯ್ತಾ?" ಎಂದು ಕೇಳಿದಳು. ಇಲ್ಲವೆಂದು ಅವರು ತಲೆಯಾಡಿಸಿದರು. "ಇವರಿಗೆ ಬಡಿಸಮ್ಮಿ" ಎಂದಳು ನನಗೆ. ಆಮೇಲೆ ಅವಳು ಮಾತಾಡಲಿಲ್ಲ. ಮರುದಿನ ಹೊತ್ತು ಏರುವ ಮುಂಚೆ ಹೋಗಿಬಿಟ್ಟಳು.

ಕ್ರಿಯೆ ಮಾಡಿಸುವ ಐನೋರಿಗೆ ಹೇಳಿಕಳಿಸಿ, ನಾನು ರಜೆ ಬರೆದುಕೊಡಲು ಶಾಲೆಗೆ ಓಡಿದೆ. ಅರ್ಜಿಯಲ್ಲಿ ತೀರಿಕೊಂಡವರು ಏನಾಗಬೇಕೆಂದು ಬರೆಯಬೇಕಿತ್ತು. ಹೆಡ್‌ಮಿಸ್ಟ್ರೆಸ್ಸು ಕನ್ನಡಕದ ಮೇಲಿಂದ ನೋಡುತ್ತ ಮೆಲ್ಲಗೆ ಹೇಳಿದರು:

"ಸವತಿ ಅಂತ ಬರೆದರೆ ರಜೆ ಇಲ್ಲಮ್ಮ. ನಿಯಮದಲ್ಲಿ ಇಲ್ಲ."

ನಾನು 'ತಾಯಿ' ಎಂದು ಬರೆದೆ. ನನ್ನ ತಾಯಿ ಇಲ್ಲವೆಂಬುದು ಅವರಿಗೆ ಗೊತ್ತಿತ್ತು. ಸಹಿ ಹಾಕಿ, ಶಾಯಿ ಆರಲೆಂದು ಊದಿ, "ಹೋಗು, ಹೊತ್ತಾಗುತ್ತದೆ" ಎಂದರು.